ಬಳ್ಳಿಯಣ್ಣನ ಗೋಡೆಗೆ ಸುಣ್ಣ ಹೊಡೆದದ್ದು

ಬೆಂಕಿಪೊಟ್ಟಣ ತರೋಕೆ ಕಳಿಸಿದರೂ ಬಳ್ಳಿಯಣ್ಣ ಬರೀ ಬೆಂಕಿಪೊಟ್ಟಣ ತರೋದಿಲ್ಲ, ಜೊತೆಗೊಂದು ಕಥೆ ಕಟ್ಟಿಕೊಂಡೇ ಬರ್ತಾನೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಬೇರೆಯವರು ರೈಲು ಬಿಟ್ಟರೆ ಒಂದೋ ಎರಡೋ ಡಬ್ಬಿ. ಅವನು ಬಿಟ್ಟರೆ ಕಣ್ಣು ಹಾಯುವವರೆಗೂ ಡಬ್ಬಿ, ಕೊನೆಗೆ ಹಸಿರು ಬಾವುಟ ಹಿಡಿದ ಗಾರ್ಡು ಸಹಿತ. ಅಂಗಡಿಯವನು ಊಟಕ್ಕೆ ಹೋಗಿದ್ದನಂತೆ, ಅವನ ಬೆಕ್ಕು ಗಲ್ಲಾಪೆಟ್ಟಿಗೆಯ ಮೇಲೆ ಕೂತು ಚಿಲ್ಲರೆ ಕೊಟ್ಟಿತಂತೆ, ಅದೂ ಸವೆದ ನಾಣ್ಯವನ್ನೇ ದಾಟಿಸಿತಂತೆ. ಇಷ್ಟನ್ನೂ ಅವನು ನಗದೆ, ನ್ಯಾಯಸ್ಥಾನದಲ್ಲಿ ಸಾಕ್ಷಿ ಹೇಳುವವನ ಹಾಗೆ ಹೇಳುತ್ತಿದ್ದ.

"ಬುರುಡೆ ಅಂತ ಗೊತ್ತು. ಆದ್ರೂ ಅವತ್ತಿಂದ ಆ ಬೆಕ್ಕನ್ನ ಕಂಡ್ರೆ ನಂಗೆ ಒಂಥರಾ ಸಂಕೋಚ" ಎನ್ನುತ್ತಿದ್ದಳು ಎದುರುಮನೆ ಟೇಲರ್ ಹೆಂಡತಿ.

ಅವನು ಬೀದಿಗೆಲ್ಲ ಅಣ್ಣನಾದ ಮೇಲೆ ಅವನ ಹೆಂಡತಿ ಬೀದಿಗೆಲ್ಲ ಅತ್ತಿಗೆ. ಅವಳದು ತದ್ವಿರುದ್ಧ ಸ್ವಭಾವ. ಮಳೆ ಬಂದರೆ ಮಳೆ ಬಂತು ಎನ್ನುವಳೇ ಹೊರತು ಜೋರು ಮಳೆ ಎಂದೂ ಸೇರಿಸುತ್ತಿರಲಿಲ್ಲ. ಇಬ್ಬರ ನಾಲಿಗೆಯನ್ನೂ ಕಲಸಿ ಎರಡು ಪಾಲು ಮಾಡಿದ್ದರೆ ಎರಡು ಸಾಧಾರಣ ಮನುಷ್ಯರಾಗುತ್ತಿದ್ದರು ಎಂದು ಟೇಲರ್ ನಗುತ್ತಿದ್ದ.

ಇನ್ನೊಂದು ಮಾತೂ ಬೀದಿಯಲ್ಲಿತ್ತು. ಆ ಮನೆಯ ಗೋಡೆಗೆ ಸುಣ್ಣದ ಮುಖವೇ ಗೊತ್ತಿಲ್ಲ!

ಅದೊಂದು ನಿಜವಾಗಿತ್ತು. ಬಳ್ಳಿಯಣ್ಣ ಬಟ್ಟೆಗೆ ಅಚ್ಚು ಒತ್ತುವ ಕಾರ್ಖಾನೆಯಲ್ಲಿ ನಮೂನೆ ಬರೆಯುವವನು. ಹೊದಿಕೆ, ಪರದೆ, ಮೇಜುಬಟ್ಟೆಗೆಂದು ಅವನು ಕಾಗದದ ಮೇಲೆ ಬರೆದ ಬಳ್ಳಿಯನ್ನು ಮರದಲ್ಲಿ ಕೆತ್ತಿ, ಬಣ್ಣಕ್ಕೆ ಅದ್ದಿ, ಬಟ್ಟೆಯ ಮೇಲೆ ಒತ್ತುತ್ತಿದ್ದರು. ಹೆಸರೂ ಅಲ್ಲಿಂದಲೇ ಬಂದದ್ದು. ಕಾರ್ಖಾನೆಯ ಬೆನ್ನಿಗೆ ಅಂಟಿಕೊಂಡಿದ್ದ ಎರಡು ಕೋಣೆಯ ಮನೆ ನಮೂನೆಯವನಿಗೆಂದೇ ಮೀಸಲು. ಯಾರು ಬರೆಯುತ್ತಾರೋ ಅವರದು ಮನೆ, ಅಷ್ಟೇ ಕರಾರು. ಒಳಕೋಣೆಯ ಗೋಡೆಯ ಆಚೆಗೆ ಬಟ್ಟೆ ತೊಳೆಯುವ ತೊಟ್ಟಿ. ಹಗಲೆಲ್ಲ ಅಲ್ಲಿ ನೀರು ಚೆಲ್ಲಿ, ಈಚೆಗೆ ಗೋಡೆ ತೇವ ಕುಡಿದು ಉಬ್ಬುತ್ತಿತ್ತು. ಬೂದಿ ಬಣ್ಣದ ಕಲೆ, ಹಸಿರು ಕಲೆ, ಚಕ್ಕೆ ಎದ್ದ ಕಡೆ ಕಂದು ಅಂಚು. ಒಂದು ತಿಂಗಳು ಇದ್ದ ಹಾಗೆ ಇನ್ನೊಂದು ತಿಂಗಳು ಇರುತ್ತಿರಲಿಲ್ಲ.

ಮದುವೆಯಾಗಿ ಬಂದ ದಿನ ಅತ್ತಿಗೆ ಆ ಗೋಡೆ ನೋಡಿ, "ಇದಕ್ಕೆ ಸುಣ್ಣ ಹೊಡೆಸೋಣ್ವಾ?" ಎಂದು ಮೆಲ್ಲಗೆ ಕೇಳಿದ್ದಳು.

"ಅಯ್ಯೋ ಬೇಡ ಇವಳೇ, ಅಲ್ಲಿ ಜನ ಇದಾರೆ."

ಹೊಸ ಹುಡುಗಿ, ಗಾಬರಿಯಿಂದ ಹಿಂದೆ ಸರಿದಿದ್ದಳು. ಅವನು ಅವಳ ಕೈ ಹಿಡಿದು ಬೆರಳಿನಿಂದಲೇ ತೋರಿಸಿದ್ದ. ಇಗೋ ಇಲ್ಲಿ ಮೇಕೆ. ಮೇಕೆಯ ಮೇಲೆ ಕೊಡೆ ಹಿಡಿದ ಮುದುಕ. ಮೇಕೆ ನೆನೆಯಬಾರದು ಅಂತ ಕೊಡೆ ಹಿಂದಕ್ಕೆ ಹಿಡಿದಿದಾನೆ, ತಾನು ನೆನೀತಿದಾನೆ, ನೋಡು. ಅತ್ತಿಗೆ ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ಅವಳಿಗೆ ಕಂಡದ್ದು ತೇವ.

ಅಲ್ಲಿಂದಾಚೆ ದಿನವೂ ಅದೇ. ಬೆಳಗ್ಗೆ ಚಹಾದ ಲೋಟ ಹಿಡಿದು ಮಂಚದ ಅಂಚಿನಲ್ಲಿ ಕೂತು, ಅರ್ಧ ಕಣ್ಣು ಮುಚ್ಚಿ ಗೋಡೆ ನೋಡುತ್ತಿದ್ದ. ಕಲೆಯೊಳಗಿಂದ ಒಂದು ಎಳೆ ಹೊರಟಿತೋ, ಪೆನ್ಸಿಲು ಎತ್ತಿಕೊಂಡ. ಒಂದೊಂದು ಸಲ ಏನೂ ಹೊರಡದಿದ್ದರೆ ಲೋಟದಲ್ಲಿ ಉಳಿದ ಚಹಾವನ್ನು ಗೋಡೆಗೆ ಎರಚಿ ಕಾಯುತ್ತಿದ್ದ. ಬರೆದದ್ದರಲ್ಲಿ ಬಹುಪಾಲು ಹರಿದು ಬಿಸಾಡುತ್ತಿದ್ದ. ಉಳಿದದ್ದು ಕಾರ್ಖಾನೆಗೆ. ಅತ್ತಿಗೆ ಕಸ ಗುಡಿಸುತ್ತ, "ನೆಂಟರ ಮನೆ ಗೋಡೆ ನೋಡಿ, ಮುಖ ನೋಡ್ಕೋಬಹುದು. ನಮ್ಮದನ್ನ ನೋಡಿದ್ರೆ ನೆಗಡಿ ಬರತ್ತೆ. ಸುಣ್ಣ ಹೊಡೆಸ್ಬೇಕು" ಎನ್ನುತ್ತಿದ್ದಳು. ಅವನು "ಜನ ಇದಾರಲ್ಲೇ" ಎನ್ನುತ್ತಿದ್ದ. ಕೂದಲು ನೆರೆಯುವವರೆಗೂ ಇದೇ ಜಗಳ, ಇದೇ ಮಾತು. ಮಕ್ಕಳಿಲ್ಲದ ಮನೆಯಲ್ಲಿ ಆ ಜಗಳವೇ ಓಡಾಡಿಕೊಂಡಿತ್ತು.

ಹೀಗಿರುವಾಗ ಬಳ್ಳಿಯಣ್ಣನಿಗೆ ಜ್ವರ ಬಂತು. ಮೊದಲು ಎಲ್ಲರಿಗೂ ಬರುವ ಜ್ವರದ ಹಾಗೇ ಇತ್ತು. ಆಮೇಲೆ ಮಾತು ತೊದಲಿ, ಮೈ ಸೆಟೆದು, ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಜ್ವರ ಮಿದುಳಿಗೆ ಹೋಗಿದೆ ಅಂದರು. ಅತ್ತಿಗೆ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ಕೂತು ಸವೆದಳು. ಕೊನೆಗೊಂದು ಬೆಳಗ್ಗೆ ಜೀವ ಉಳಿಯಿತು ಅಂತ ಹೇಳಿದ ನರ್ಸಮ್ಮ, "ಮನೆ ಚೊಕ್ಕಟವಾಗಿ ಇಟ್ಕೊಳ್ಳಿ, ತೇವ, ಬೂಷ್ಟು ಇರಬಾರದು" ಎಂದು ಬುದ್ಧಿ ಹೇಳಿ ಕಳಿಸಿದಳು.

ಅತ್ತಿಗೆಗೆ ರೆಕ್ಕೆ ಬಂದ ಹಾಗಾಯಿತು. ಗಂಡ ಮನೆಗೆ ಬರುವುದರೊಳಗೆ ಸುಣ್ಣದವನನ್ನು ಕರೆಸಿ, ಗೋಡೆಯ ಚಕ್ಕೆಯನ್ನೆಲ್ಲ ಕೆರೆಸಿ, ಗಾರೆ ಮೆತ್ತಿಸಿ, ಒಂದರ ಮೇಲೊಂದು ಸುಣ್ಣ ಹೊಡೆಸಿದಳು. ಕೆರೆದು ಬಿದ್ದ ಪುಡಿಯನ್ನು ತಾನೇ ಮೊರದಲ್ಲಿ ತುಂಬಿ ಚರಂಡಿಗೆ ಸುರಿದಳು. ಸುರಿಯುವಾಗ ಅವಳಿಗೆ ನಗುವೂ ಬಂತು. ಬಂದವನೇ ಹೇಗೆ ಕೂಗಾಡುತ್ತಾನೋ! ನನ್ನ ಮೇಕೆ ಎಲ್ಲೇ, ಮುದುಕನನ್ನ ಎಲ್ಲಿಗೆ ಓಡಿಸಿದೆಯೇ ಅಂತ ಬೀದಿ ಒಂದು ಮಾಡುತ್ತಾನೆ. ಆ ಕೂಗಾಟ ಕೇಳುವುದಕ್ಕಾಗಿಯೇ ಅವಳು ಗೋಡೆಯನ್ನು ಅಷ್ಟು ಬಿಳಿ ಮಾಡಿಸಿದಳು ಅಂದರೂ ಸುಳ್ಳಾಗದು.

ಬಳ್ಳಿಯಣ್ಣ ಬಂದ. ಟೇಲರ್ ಭುಜ ಹಿಡಿದು ಒಳಗೆ ತಂದು ಮಂಚದ ಮೇಲೆ ಕೂರಿಸಿದ. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಕಾದಳು. ಅವನು ಗೋಡೆಯನ್ನು ನೋಡಿದ.

"ಚೆನ್ನಾಗಿದೆ" ಅಂದ.

ಅವಳು ಬಾಯಿಂದ ಸೆರಗು ತೆಗೆದಳು. ಅವನ ಬಾಯಲ್ಲಿ ಒಂದೇ ಪದದ ಉತ್ತರ ಬಂದದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ಹೆಂಡತಿಯ ಗುರುತು ಇತ್ತು. ಲೋಟ, ಬಾಗಿಲು, ಪೆನ್ಸಿಲು ಎಲ್ಲದರ ಹೆಸರೂ ಗೊತ್ತಿತ್ತು. ಕೈಯೂ ನಡುಗುತ್ತಿರಲಿಲ್ಲ. ಆದರೆ ಬೆಳಗ್ಗೆ ಏನು ತಿಂದೆ ಅಂದರೆ ಮಧ್ಯಾಹ್ನಕ್ಕೆ ಗೊತ್ತಿಲ್ಲ. ಮದುವೆಯಾಗಿದೆ ಅಂತ ಗೊತ್ತು, ಮದುವೆಯ ದಿನ ಹೇಗಿತ್ತು ಅಂದರೆ ಸುಮ್ಮನೆ ಮುಖ ನೋಡುತ್ತಿದ್ದ. ಬೆಂಕಿಪೊಟ್ಟಣ ತರಲು ಹೋದರೆ ಬೆಂಕಿಪೊಟ್ಟಣ ಮಾತ್ರ ತರುತ್ತಿದ್ದ. ಟೇಲರ್ ಹೆಂಡತಿ ಹಳೆಯ ಸಲಿಗೆಯಲ್ಲಿ, "ಏನಣ್ಣಾ, ಬೆಕ್ಕು ಚಿಲ್ಲರೆ ಸರಿಯಾಗಿ ಕೊಡ್ತಾ?" ಎಂದು ಕೆಣಕಿದಳು.

"ಬೆಕ್ಕು ಚಿಲ್ಲರೆ ಕೊಡಲ್ಲಮ್ಮ" ಎಂದು ಅವನು ತಾಳ್ಮೆಯಿಂದ ತಿಳಿಸಿಹೇಳಿದ.

ಆಕೆ ಮನೆಯೊಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತು ಅತ್ತಳಂತೆ.

ಕಾಗದ, ಪೆನ್ಸಿಲು ಮುಂದಿಟ್ಟು ಅತ್ತಿಗೆ ಹೇಳಿದಳು. "ಬರೀರಿ ಅಂದ್ರೆ."

"ಏನು ಬರೀಲಿ?"

"ಬಳ್ಳಿ."

ಬರೆದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಲಿತ ಬಳ್ಳಿ, ಎಲ್ಲ ಅಂಗಡಿಯ ಪರದೆಯ ಮೇಲೂ ಇರುವಂಥದ್ದು. ಇನ್ನೊಂದು ಬರೀರಿ ಅಂದಳು. ಅದನ್ನೇ ಬರೆದ. ಮತ್ತೊಂದು ಅಂದಳು. ಮತ್ತೂ ಅದೇ.

"ಹೊಸದು ಬರೀರಿ."

ಪೆನ್ಸಿಲು ಕಾಗದದ ಮೇಲೆ ನಿಂತೇ ಇತ್ತು. ಅವನು ಮುಖ ಎತ್ತಿ, ಮಗುವಿನ ಹಾಗೆ ನಿಜವಾಗಿಯೂ ತಿಳಿಯಬೇಕೆಂದು ಕೇಳಿದ. "ಹೊಸದು ಎಲ್ಲಿರತ್ತೆ ಇವಳೇ?"

ಅತ್ತಿಗೆಗೆ ಆಗ ಗೋಡೆ ಕಂಡಿತು. ಅಲ್ಲಿರುತ್ತಿತ್ತು ಹೊಸದು. ಅಲ್ಲಿಂದಲೇ ಇಷ್ಟು ವರ್ಷ ಹೊರಟು ಬಂದದ್ದು. ಅದನ್ನು ತಾನೇ ಕೆರೆಸಿ, ಮೊರದಲ್ಲಿ ತುಂಬಿ, ಚರಂಡಿಗೆ ಸುರಿದಿದ್ದಳು. ನಗುತ್ತ ಸುರಿದಿದ್ದಳು.

ಆ ದಿನ ಹೊಕ್ಕ ಯೋಚನೆ ಅವಳನ್ನು ಬಿಡಲಿಲ್ಲ. ಕಾರ್ಖಾನೆ ಯಜಮಾನ ಒಳ್ಳೆಯವನೇ. ಮನೆಗೆ ಬಂದು, ಬಳ್ಳಿಯಣ್ಣನ ಪಕ್ಕ ಕೂತು, ಹೋಗುವಾಗ ಬಾಗಿಲಲ್ಲಿ ದನಿ ತಗ್ಗಿಸಿದ. "ಅತ್ತಿಗೆ, ಮಳೆಗಾಲ ಮುಗಿಯೋವರೆಗೂ ಕಾಯ್ತೀನಿ. ಅಷ್ಟರಲ್ಲಿ ಒಂದು ಬಳ್ಳಿ, ಒಂದೇ ಒಂದು ಹೊಸ ಬಳ್ಳಿ ಇವನ ಕೈಯಿಂದ ಬಂದ್ರೆ ಸಾಕು, ಮನೆ ನಿಮ್ಮದೇ. ಬರದಿದ್ರೆ... ಹೊಸಬನನ್ನ ಎಲ್ಲಿ ಇರಿಸ್ಲಿ ಹೇಳಿ?"

ಮನೆ ಹೋದರೆ ಎಲ್ಲಿಗೆ ಎಂಬ ಚಿಂತೆಯೂ ಅವಳಿಗಿತ್ತು. ಆದರೆ ಅದಕ್ಕಿಂತ ಬೇರೆಯದೇ ಒಂದು ಹಸಿವು ಅವಳ ಹೊಟ್ಟೆಯಲ್ಲಿ ಕೂತಿತ್ತು. ಒಂದು ಹೊಸ ಬಳ್ಳಿ ಬಂದರೆ ಅದರ ಬಾಲ ಹಿಡಿದುಕೊಂಡು ಬಳ್ಳಿಯಣ್ಣನೂ ವಾಪಸು ಬರುತ್ತಾನೆ. ಮೇಕೆ, ಮುದುಕ, ಬೆಕ್ಕು ಎಲ್ಲವೂ ಹಿಂದೆ ಹಿಂದೆ ಬರುತ್ತವೆ. ಹಾಗೆಂದು ಅವಳು ನಂಬಿದಳು.

ನಂಬಿದವಳು ಸುಮ್ಮನಿರುತ್ತಾಳೆಯೇ? ಚಹಾ ಕಾಸಿ ತಣ್ಣಗಾಗಿಸಿ ಗೋಡೆಗೆ ಎರಚಿದಳು. ಮಸಿ ಕಲಸಿದ ನೀರು, ಪಾತ್ರೆ ತೊಳೆದ ನೀರು, ಹಿತ್ತಿಲ ಕೆಸರು. ಮೊದಲು ಲೋಟದಲ್ಲಿ, ಆಮೇಲೆ ಚೊಂಬಿನಲ್ಲಿ. ಕಿಟಕಿಯಿಂದ ಇಣುಕಿದ ಟೇಲರ್ ಹೆಂಡತಿ, ಅತ್ತಿಗೆಗೂ ಜ್ವರ ತಲೆಗೇರಿತು ಅಂದುಕೊಂಡು ಬಾಗಿಲಲ್ಲೇ ನಿಂತಳು. ಒಳಗೆ ಬಳ್ಳಿಯಣ್ಣ ಬಕೆಟ್ ಹಿಡಿದುಕೊಂಡು ಹೆಂಡತಿಗೆ ನೆರವಾಗುತ್ತಿದ್ದ. "ಇನ್ನೂ ಸ್ವಲ್ಪ ಮೇಲೆ ಎರಚಬೇಕಾ? ಆ ಮೂಲೆ ಬಿಟ್ಟುಹೋಗಿದೆ ನೋಡು."

ಎರಚಿ ಎರಚಿ ಸೋತು ಅವಳು ನೆಲದ ಮೇಲೆ ಕೂತಳು. "ಏನು ಕಾಣ್ತಿದೆ ಹೇಳಿ?"

"ಚಹಾ" ಅಂದ ಬಳ್ಳಿಯಣ್ಣ. "ಕೆಸರು."

ಎರಚಿದ್ದನ್ನೆಲ್ಲ ತೊಳೆದು ಗೋಡೆಯನ್ನು ಮತ್ತೆ ಬಿಳಿ ಮಾಡಿ, ಕೈಲಾಗದೆ ಅವಳು ತಮ್ಮನ ಮಗಳಿಗೆ ಹೇಳಿಕಳಿಸಿದಳು. ಕೆನ್ನೆಯ ಮೇಲೊಂದು ಮಚ್ಚೆ ಇರುವುದರಿಂದ ಆ ಹುಡುಗಿಯನ್ನು ಮನೆಯವರೆಲ್ಲ ಚುಕ್ಕಿ ಅನ್ನುತ್ತಿದ್ದರು. ಬೇರೆ ಊರಿನ ದೊಡ್ಡ ಕಾಲೇಜಿನಲ್ಲಿ ಅವಳ ಓದು. ಮನುಷ್ಯನ ಮನಸ್ಸು ಹೇಗೆ ಕೆಲಸ ಮಾಡುತ್ತದೆ, ಅದರ ಹಾಗೆ ಕಂಪ್ಯೂಟರಿಗೆ ಕಲಿಸಬಹುದೇ, ಇಂಥದ್ದು. ಬಳ್ಳಿಯಣ್ಣನ ಕಥೆ ಕೇಳಿಯೇ ಬೆಳೆದವಳು. ಬಂದವಳೇ ಅವನ ಮಂಡಿಯ ಹತ್ತಿರ ಕೂತಳು.

"ಮಾವ, ನೀವೀಗ ಒಂದು ಸಂತೆ ಮಧ್ಯೆ ನಿಂತಿದೀರಿ ಅಂತ ಅಂದ್ಕೊಳ್ಳಿ. ಸುತ್ತ ಏನೇನು ಕಾಣತ್ತೆ?"

ಬಳ್ಳಿಯಣ್ಣ ಕಣ್ಣು ಮುಚ್ಚಿ ಪ್ರಯತ್ನಪಟ್ಟ. "ಜನ. ಬುಟ್ಟಿ. ತಕ್ಕಡಿ." ಕಣ್ಣು ತೆರೆದು, "ಎಲ್ಲಾ ಬಿಡಿ ಬಿಡಿ. ನಾನು ನಿಂತ್ಕೊಳ್ಳೋಕೆ ಜಾಗ ಇಲ್ಲ ಕಣೇ."

"ಹೋಗ್ಲಿ, ನಾಳೆ ಬೆಳಗ್ಗೆ ಏನು ಮಾಡ್ತೀರಿ?"

"ನಾಳೆ..." ಅವನ ಕಣ್ಣು ಗೋಡೆಯ ಮೇಲೆ ಹೋಯಿತು. "ಬಿಳಿ."

ಅತ್ತಿಗೆ ಎದ್ದು ಅಡುಗೆ ಒಲೆಯ ಮುಂದೆ ಹೋಗಿ ನಿಂತಳು. ಚುಕ್ಕಿ ಹಿಂದೆಯೇ ಬಂದಳು.

"ಕೇಳಿಸ್ತಾ? ಬಿಳಿ ಅಂತೆ! ನಾನು ಸುಣ್ಣ ಬಳಿದದ್ದು ಗೋಡೆಗೆ ಮಾತ್ರ ಅಲ್ಲ ಕಣೇ ಚುಕ್ಕಿ."

"ಅತ್ತೆ, ಗೋಡೆಗೂ ಇದಕ್ಕೂ ಸಂಬಂಧ ಇಲ್ಲ. ಕೂತ್ಕೊಳ್ಳಿ, ಹೇಳ್ತೀನಿ. ಹಳೇ ನೆನಪು ಅಂದ್ರೆ ಟ್ರಂಕಲ್ಲಿ ಮಡಚಿಟ್ಟ ಸೀರೆ, ಬೇಕಾದಾಗ ಹಾಗೇ ತೆಗೀಬಹುದು ಅಂತ ನಾವು ಅಂದ್ಕೋತೀವಿ. ಅದು ಹಾಗಿರಲ್ಲ. ಚೂರು ಚೂರು ಇರತ್ತೆ. ವಾಸನೆ ಒಂದು ಕಡೆ, ಬಣ್ಣ ಒಂದು ಕಡೆ, ಯಾರ ದನಿ ಅನ್ನೋದು ಇನ್ನೊಂದು ಕಡೆ. ನೆನಪು ಮಾಡ್ಕೊಂಡಾಗೆಲ್ಲ ಮಿದುಳಲ್ಲಿ ಒಬ್ಬ ದರ್ಜಿ ಕೂತು ಆ ಚೂರುಗಳನ್ನ ಹೊಸದಾಗಿ ಹೊಲೀತಾನೆ. ಆಗಿಹೋದದ್ದನ್ನ ಹೊಲಿಯೋನೂ ಅವನೇ. ಇಲ್ಲದ್ದನ್ನ, ನಾಳೆ ಆಗೋದನ್ನ ಹೊಲಿಯೋನೂ ಅವನೇ. ಅದೇ ಚೂರು, ಅದೇ ಸೂಜಿ. ಜೋಡಿಸೋ ರೀತಿ ಬೇರೆ."

"ಆ ದರ್ಜಿಗೇನಾಯ್ತು?"

"ಮಾವನ ಜ್ವರ ಹೊಕ್ಕಿದ್ದು ಅವನು ಕೂರೋ ಜಾಗಕ್ಕೇ. ಅದಕ್ಕೇ ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ. ಕಥೆ ಕಟ್ಟೋಕೂ ಅವನೇ ಬೇಕಲ್ಲ."

ಅತ್ತಿಗೆ ತಲೆಯಾಡಿಸಿದಳು. ಅರ್ಥವಾಯಿತು, ಆದರೆ ಒಳಗೆ ಇಳಿಯಲಿಲ್ಲ. "ಮತ್ತೆ ಆ ಕಲೇಲಿ ಮೇಕೆ ಕಾಣ್ತಿತ್ತಲ್ಲ?"

"ಗೋಡೆ ಕೊಡ್ತಿದ್ದದ್ದು ಸ್ವಲ್ಪವೇ ಅತ್ತೆ. ಒಂದು ಅಂಚು, ಒಂದು ನೆರಳು. ಉಳಿದದ್ದನ್ನ ಮಾವನೇ ಒಳಗಿಂದ ತುಂಬ್ತಿದ್ರು. ನಾವೆಲ್ಲ ದಿನಾ ಕಣ್ಣು ಬಿಟ್ಟು ನೋಡೋದೂ ಹಾಗೇನೇ, ಅರ್ಧ ಕಾಣೋದು, ಅರ್ಧ ಊಹೆ. ಮಾವನ ಊಹೆಗೆ ಕಾಲು ಜಾಸ್ತಿ, ಅಷ್ಟೇ."

"ನೀನು ಓದಿದೋಳು. ನನ್ನ ಸಮಾಧಾನಕ್ಕೆ ಹೇಳ್ತೀಯ" ಎಂದು ಅತ್ತಿಗೆ ಮೂಗು ಒರೆಸಿಕೊಂಡಳು.

ಮರುದಿನ ಚುಕ್ಕಿ ಕಾರ್ಖಾನೆಗೆ ಹೋಗಿ, ಮೂಲೆಯಲ್ಲಿ ಪೇರಿಸಿಟ್ಟಿದ್ದ ಹಳೆಯ ಬಟ್ಟೆಯ ತುಂಡುಗಳಿಂದ ಬಳ್ಳಿಯಣ್ಣನ ನಮೂನೆಗಳನ್ನೆಲ್ಲ ಹುಡುಕಿ ಫೋಟೊ ತೆಗೆದಳು. ಮಾವನಿಗೆ ತೋರಿಸಿದರೆ ಏನಾದರೂ ನೆನಪಾದೀತು ಎಂಬುದೊಂದು ಆಸೆ. ನೆನಪಾಗಲಿಲ್ಲ. "ಚೆನ್ನಾಗಿ ಬರೆದಿದಾನೆ, ಯಾರಿವನು?" ಎಂದು ಕೇಳಿದ. ಆದರೆ ಅವಳು ಆ ಫೋಟೊಗಳನ್ನು ಕಾಲೇಜಿನ ಕಂಪ್ಯೂಟರಿಗೂ ತಿನ್ನಿಸಿದ್ದಳು. ಕೆಲವು ದಿನ ಬಿಟ್ಟು ಮತ್ತೆ ಬಂದಾಗ ಲ್ಯಾಪ್‌ಟಾಪ್ ತೆರೆದು ಅತ್ತೆಯನ್ನು ಕೂಗಿದಳು.

ಪರದೆಯ ತುಂಬ ಬರೀ ಚುಕ್ಕೆ. ಬೂದಿ, ಕಪ್ಪು, ಹಸಿರು, ತಲೆಬುಡವಿಲ್ಲದ ಪುಡಿ. ಸ್ವಲ್ಪ ಹೊತ್ತಿಗೆ ಆ ಪುಡಿಯಲ್ಲಿ ಅಲ್ಲೊಂದು ಇಲ್ಲೊಂದು ಕಲೆ ಗಟ್ಟಿಯಾಯಿತು. ಕಲೆಯೊಳಗಿಂದ ಒಂದು ಎಳೆ ಹೊರಟಿತು. ಎಳೆ ಬಾಗಿ, ತುದಿಯಲ್ಲಿ ಚಿಗುರಿ, ನೋಡನೋಡುತ್ತ ಪರದೆಯ ಮೇಲೆ ಒಂದು ಬಳ್ಳಿ ಹಬ್ಬಿ ನಿಂತಿತು. ಬಳ್ಳಿಯಣ್ಣನದೇ ಬಾಗು, ಅವನದೇ ಎಲೆ, ಆದರೆ ಅವನು ಎಂದೂ ಬರೆಯದ ಬಳ್ಳಿ.

ಅತ್ತಿಗೆ ಪರದೆಯ ಹತ್ತಿರಕ್ಕೆ ಬಗ್ಗಿದಳು. "ಇದು ನಮ್ಮ ಗೋಡೆ ಕಣೇ! ಇದರೊಳಗೆ ಹೇಗೆ ಬಂತು?"

"ಇದಕ್ಕೆ ಕಲಿಸೋ ರೀತೀನೇ ಅದು. ಮೊದಲು ಲೆಕ್ಕವಿಲ್ಲದಷ್ಟು ಚಿತ್ರ ತೋರಿಸ್ತೀವಿ. ಒಂದೊಂದರ ಮೇಲೂ ಸ್ವಲ್ಪ ಸ್ವಲ್ಪ ಪುಡಿ ಉದುರಿಸ್ತಾ ಪೂರ್ತಿ ಕೆಡಿಸ್ತೀವಿ. ಆಮೇಲೆ, ಈ ಪುಡಿಯಲ್ಲಿ ಯಾವುದು ಕಸ ಊಹಿಸು, ತೆಗಿ ಅಂತ ಅಭ್ಯಾಸ ಮಾಡಿಸ್ತೀವಿ. ಅಭ್ಯಾಸ ಆದ್ಮೇಲೆ ಬರೀ ಪುಡಿ ಕೊಟ್ರೂ ಸಾಕು, ಅದರೊಳಗೆ ಏನೋ ಇದೆ ಅಂದ್ಕೊಂಡು ಕಸ ತೆಗೀತಾ ಹೋಗತ್ತೆ. ಕೊನೆಗೆ ಬಳ್ಳಿ ಉಳಿಯತ್ತೆ."

"ತಾನು ಬಳ್ಳಿ ಬರೀತಿದೀನಿ ಅಂತ ಅದಕ್ಕೆ ಗೊತ್ತಾ?"

ಚುಕ್ಕಿ ಮಚ್ಚೆ ಕೆರೆದುಕೊಂಡಳು. "ಗೊತ್ತಿಲ್ಲ ಅಂತ ನಂಗನ್ನಿಸತ್ತೆ. ಅದರ ಮೇಲೆ ನಮ್ಮಲ್ಲೇ ಜಗಳ ಇದೆ. ಇದನ್ನ ಕಲ್ಪನೆ ಅನ್ನಬೇಕಾ ಬೇಡ್ವಾ ಅಂತ ದೊಡ್ಡ ದೊಡ್ಡೋರು ಕಿತ್ತಾಡ್ತಾರೆ. ಒಂದಂತೂ ನಿಜ, ತಾನಾಗಿ ಇದಕ್ಕೆ ಏನೂ ಬೇಕು ಅನ್ನಿಸಲ್ಲ. ಕೇಳಿದ್ರೆ ಮಾಡತ್ತೆ. ಚೆನ್ನಾಗಿದೆಯೋ ಇಲ್ವೋ ಅಂತ ಬೇಜಾರೂ ಮಾಡ್ಕೊಳ್ಳಲ್ಲ. ಮಾವ ಹರಿದು ಬಿಸಾಡ್ತಿದ್ರಲ್ಲ, ಆ ಕೋಪ ಇದಕ್ಕಿಲ್ಲ."

ಅವಳು ಕೆಲವು ಬಳ್ಳಿಗಳನ್ನು ಮುದ್ರಿಸಿ ತಂದಿದ್ದಳು. ಮಂಚದ ಮೇಲೆ ಹರಡಿದಾಗ ಬಳ್ಳಿಯಣ್ಣ ಬಗ್ಗಿ ನೋಡಿದ. ನೋಡಿದವನ ಕೈ ತಾನಾಗಿಯೇ ಮುಂದೆ ಬಂತು. ಇದು ಬೇಡ, ಇದು ಸತ್ತಿದೆ, ಇದರ ಎಲೆ ನೋಡು ಬಟ್ಟೆ ಒಣಗಿಹಾಕಿದ ಹಾಗಿದೆ ಎಂದು ಗೊಣಗುತ್ತ ಒಂದೊಂದನ್ನೇ ನೆಲಕ್ಕೆ ತಳ್ಳಿದ. ಕೊನೆಗೆ ಒಂದರ ಮೇಲೆ ಹೆಬ್ಬೆರಳು ಒತ್ತಿದ. "ಇದು."

"ಚುಕ್ಕಿ!" ಅತ್ತಿಗೆ ಹುಡುಗಿಯ ತೋಳು ಗಟ್ಟಿಯಾಗಿ ಹಿಡಿದಳು. "ಇದಾರೆ ಕಣೇ! ಒಳಗೆ ಇದಾರೆ!"

"ಆರಿಸೋ ಕಣ್ಣು ಉಳಿದಿದೆ ಅತ್ತೆ. ಹುಟ್ಟಿಸೋದು ಬೇರೆ. ತುಂಬ ಆಸೆ ಇಟ್ಕೋಬೇಡಿ."

ಆಸೆ ಹೇಳಿದ ಮಾತು ಕೇಳುತ್ತದೆಯೇ? ಅತ್ತಿಗೆ ಆ ಹಾಳೆಯನ್ನು ಅವನ ಮುಂದಿಟ್ಟು, ಪಕ್ಕದಲ್ಲಿ ಖಾಲಿ ಕಾಗದ ಇಟ್ಟಳು. ನೋಡಿ ಬರೆಯುವುದನ್ನು ಕೈ ಮರೆತಿರಲಿಲ್ಲ. ಪೆನ್ಸಿಲು ನೀರಿನ ಹಾಗೆ ಹರಿಯಿತು. ಸಂಜೆಯೊಳಗೆ ಬಳ್ಳಿ ಕಾಗದಕ್ಕೆ ಇಳಿಯಿತು, ಮುದ್ರಿಸಿದ್ದಕ್ಕಿಂತ ಜೀವವಾಗಿ. ಅತ್ತಿಗೆ ಅದನ್ನು ಸುರುಳಿ ಸುತ್ತಿ ಸೆರಗಿನಡಿ ಇಟ್ಟುಕೊಂಡು ಚಪ್ಪಲಿ ಮೆಟ್ಟಿದಳು.

"ಅತ್ತೆ, ಎಲ್ಲಿಗೆ?"

"ಯಜಮಾನರ ಹತ್ತಿರ."

"ಮಾವ ತಾವೇ ಬರೆದದ್ದು ಅಂತ ಹೇಳ್ತೀರಾ?" ಚುಕ್ಕಿ ಬಾಗಿಲಿಗೆ ಅಡ್ಡ ಬಂದಳು. "ಬೇಡ ಅತ್ತೆ. ಅದು ಮಾವನದಲ್ಲ."

"ಮತ್ತೆ ಯಾರದು? ನಿನ್ನ ಯಂತ್ರ ಇವರ ಅನ್ನ ತಿಂದು ತಾನೆ ಬೆಳೆದದ್ದು?"

"ಅತ್ತೆ, ನಿಮಗೆ ಸುಳ್ಳು ಹೇಳೋಕೆ ಬರಲ್ಲ."

"ಕಲೀತೀನಿ" ಎಂದು ಅತ್ತಿಗೆ ಹೊರಟೇಬಿಟ್ಟಳು.

ಜೀವಮಾನದಲ್ಲಿ ಮಳೆಗೆ ಒಂದು ಹನಿ ಹೆಚ್ಚು ಸೇರಿಸದಿದ್ದ ಹೆಂಗಸು ಯಜಮಾನನ ಮುಂದೆ ನಿಂತು, "ಬೆಳಗ್ಗೆ ಎದ್ದವರೇ ಗೋಡೆ ನೋಡಿದ್ರು. ನಕ್ರು. ಬರೆದ್ರು" ಅಂದಳು. ಯಜಮಾನ ಸುರುಳಿ ಬಿಚ್ಚಿ ನೋಡಿ, ಕೂತಿದ್ದವನು ಎದ್ದುನಿಂತ. ಬಣ್ಣದವರನ್ನು ಕೂಗಿದ, ಅಚ್ಚು ಕೆತ್ತುವವನನ್ನು ಕೂಗಿದ. "ನಡೀರಿ ಅತ್ತಿಗೆ, ಆ ಕಳ್ಳನ ಮುಖ ನೋಡಬೇಕು ನಾನು" ಎಂದು ಅವಳಿಗಿಂತ ಮುಂದೆ ಓಡಿದ. ಆ ಮುದ್ರಿಸಿದ ಹಾಳೆಯನ್ನು ಎತ್ತಿಡದೆ ಬಂದದ್ದು ಅವಳಿಗೆ ದಾರಿಯಲ್ಲಿ ಹೊಳೆಯಿತು.

ಬಳ್ಳಿಯಣ್ಣ ಕಿಟಕಿಯ ಬೆಳಕಿಗೆ ಕೂತು ಮತ್ತೆ ಅದೇ ಬಳ್ಳಿ ಬರೆಯುತ್ತಿದ್ದ. ಚುಕ್ಕಿ ಬೇಡವೆನ್ನಲು ಹೋಗಿ ಸೋತು ಮೂಲೆಯಲ್ಲಿ ನಿಂತಿದ್ದಳು.

"ಏನಯ್ಯಾ ಬಳ್ಳಿ! ಸತ್ತು ಬದುಕಿದೆಯಲ್ಲೋ ಮಹಾರಾಯ! ಎಲ್ಲಿತ್ತೋ ಇದು?"

ಬಳ್ಳಿಯಣ್ಣ ಮುಖ ಎತ್ತಿದ. ಹಿಂದಿನ ದಿನಗಳಲ್ಲಿ ಇಂಥ ಪ್ರಶ್ನೆಗೆ ಕತ್ತಲಾಗುವವರೆಗೂ ಉತ್ತರ ಸಿಗುತ್ತಿತ್ತು. ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದು, ಒಂದು ಬುರುಡೆ ಬಿಡಿ, ನಿಮ್ಮ ದಮ್ಮಯ್ಯ, ಒಂದೇ ಒಂದು ಎಂದು ಒಳಗೊಳಗೇ ಬೇಡಿದಳು.

"ಇದನ್ನ ನೋಡಿ ಬರೆದೆ" ಎಂದು ಬಳ್ಳಿಯಣ್ಣ ಮೊಣಕೈ ಎತ್ತಿ ಕೆಳಗಿದ್ದ ಹಾಳೆಯನ್ನು ತೋರಿಸಿದ. "ಈ ಹುಡುಗಿ ತಂದದ್ದಿರಬೇಕು. ಚೆನ್ನಾಗಿದೆ ಅಲ್ವಾ?"

ಸುಳ್ಳು ಹೇಳುವುದಕ್ಕೂ ಆ ದರ್ಜಿಯೇ ಬೇಕಿತ್ತು.

ಯಜಮಾನ ಮಂಚದ ಮೇಲೆ ಕುಸಿದು ಕೂತ. ಬಹಳ ಹೊತ್ತು ಹಾಳೆಯನ್ನೂ ನೋಡಲಿಲ್ಲ, ಅತ್ತಿಗೆಯನ್ನೂ ನೋಡಲಿಲ್ಲ. ಅವನು ಬೈದಿದ್ದರೆ ಅತ್ತಿಗೆ ತಡೆದುಕೊಳ್ಳುತ್ತಿದ್ದಳು.

"ಇಷ್ಟು ವರ್ಷ ಈ ಮನುಷ್ಯ ನನಗೆ ಎಷ್ಟು ರೈಲು ಬಿಟ್ಟಿದಾನೆ ಅತ್ತಿಗೆ" ಎಂದು ಅವನು ಕಣ್ಣೊರೆಸಿಕೊಂಡ. "ಇವತ್ತು ಒಂದು ಬಿಡಬಾರದಿತ್ತಾ? ನಾನು ಹತ್ತಿ ಕೂತ್ಕೋತಿದ್ನಲ್ಲ."

ಆ ಬಳ್ಳಿ ಅಚ್ಚಿಗೆ ಹೋಯಿತು. ಮುಂದೆ ಬಹಳ ಮನೆಗಳ ಕಿಟಕಿಗೆ ಅದೇ ಪರದೆ ಬಂತು. ಹೊಸ ನಮೂನೆಯವನನ್ನು ಯಜಮಾನ ಹುಡುಕಲೇ ಇಲ್ಲ. ನಮೂನೆಗೆ ಇನ್ನು ಆ ಕಂಪ್ಯೂಟರೇ ಸಾಕೆಂದು ಚುಕ್ಕಿಯ ಕಾಲೇಜಿನವರ ಜೊತೆ ಮಾತಾಡಿಕೊಂಡ, ಖಾಲಿಯಾಗುವ ಮನೆಯನ್ನು ಬಣ್ಣ ಕಲಸುವವನ ಸಂಸಾರಕ್ಕೆ ಕೊಡುವುದೆಂದು ಮಾಡಿದ. ತಪ್ಪು ಯಾರದೂ ಇರಲಿಲ್ಲ, ಅದೇ ಅತ್ತಿಗೆಗೆ ಸಂಕಟ. ಬೈಯಲು ಒಬ್ಬರಾದರೂ ಬೇಕಲ್ಲ. ಕೊನೆಗೆ ಗೋಡೆಯನ್ನು ಬೈದಳು, ಸುಣ್ಣದವನನ್ನು ಬೈದಳು, ನರ್ಸಮ್ಮನನ್ನು ಬೈದಳು, ಸುತ್ತಿ ಬಳಸಿ ತನ್ನನ್ನೇ ಬೈದುಕೊಂಡು ಪಾತ್ರೆ ಕಟ್ಟಿದಳು. ಚುಕ್ಕಿಯ ಅಪ್ಪ ತಾನು ಹೊಸದಾಗಿ ಕಟ್ಟಿದ ಮನೆಯ ಹಿತ್ತಿಲ ಕೋಣೆ ಬಿಟ್ಟುಕೊಡುತ್ತೇನೆ ಎಂದಿದ್ದ. ಆ ಮನೆಯನ್ನು ಅವಳು ನೋಡಿಯೇ ಇರಲಿಲ್ಲ.

ಮಳೆಗಾಲದ ಕೊನೆಯ ಮಳೆಗಳು ಬಿಡದೆ ಸುರಿದವು. ಸಾಮಾನು ಕಟ್ಟಿಟ್ಟ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ ಮಂಚ ಸರಿಸಲು ಹೋದಾಗ ನೋಡುತ್ತಾಳೆ, ಸುಣ್ಣದ ಅಡಿಯಿಂದ ತೇವ ಎದ್ದಿದೆ! ತೊಟ್ಟಿಯ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬಂದಿತ್ತು. ಬೂದಿ ಬಣ್ಣದ ಕಲೆ, ಅದರ ಅಂಚಿಗೆ ಹಸಿರು, ನಡುವೆ ಒಂದು ಚಕ್ಕೆ ಬಾಯಿ ತೆರೆದಿದೆ. ಹೊರಗೆ ಕೂತಿದ್ದ ಗಂಡನನ್ನು ರಟ್ಟೆ ಹಿಡಿದು ಎಳೆದು ತಂದು, ಮಂಚದ ಅದೇ ಅಂಚಿನಲ್ಲಿ ಕೂರಿಸಿ, ಚಹಾದ ಲೋಟ ಕೈಗಿಟ್ಟಳು. ಲೋಟದಲ್ಲಿ ಚಹಾ ಇರಲಿಲ್ಲ. ಅಷ್ಟು ವ್ಯವಧಾನ ಯಾರಿಗಿತ್ತು?

"ನೋಡಿ ಅಂದ್ರೆ. ಬಂದಿದೆ. ನಿಧಾನವಾಗಿ ನೋಡಿ."

ಬಳ್ಳಿಯಣ್ಣ ನೋಡಿದ. ಅರ್ಧ ಕಣ್ಣು ಮುಚ್ಚಿದ. ತಲೆ ಓರೆ ಮಾಡಿದ. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು.

"ಗೋಡೆ ಕೊಳೆಯಾಗಿದೆ ಇವಳೇ" ಅಂದ. "ಸುಣ್ಣ ಹೊಡೆಸ್ಬೇಕು."

ಅವಳದೇ ಮಾತು. ಇಷ್ಟು ವರ್ಷ ಗುಡಿಸುತ್ತ ಗುಡಿಸುತ್ತ ಅವಳು ಆಡಿದ ಮಾತು, ತೂಕ ತಪ್ಪದೆ ವಾಪಸು ಬಂದಿತ್ತು. ಅತ್ತಿಗೆ ನೆಲದ ಮೇಲೆ ಕೂತು ಅವನ ಮಂಡಿಗೆ ತಲೆಯಿಟ್ಟು ಅತ್ತಳು. ಅವನು ಏಕೆ ಎಂದು ತಿಳಿಯದಿದ್ದರೂ ಅವಳ ಬೆನ್ನು ಸವರಿದ. ಅತ್ತು ಸಾಕಾಗಿ ಅವಳು ಮುಖ ಎತ್ತಿದಾಗ ಕಣ್ಣಲ್ಲಿ ನೀರು ತುಂಬಿ ಗೋಡೆ ಅಲುಗಾಡಿತು. ಆ ಬಾಯಿ ತೆರೆದ ಚಕ್ಕೆಯ ಪಕ್ಕ ಏನೋ ಒಂದು ಬೆನ್ನು, ಏನೋ ಒಂದು ಕೊಂಬು ಕಂಡ ಹಾಗಾಯಿತು. ಕಣ್ಣೊರೆಸಿ ನೋಡಿದಳು. ತೇವ. ಮತ್ತೆ ಕಣ್ಣು ಕಿರಿದು ಮಾಡಿದಳು. ಕೊಂಬು ಅಲ್ಲೇ ಇತ್ತು.

"ಸುಣ್ಣ ಬೇಡ ರೀ" ಅಂದಳು. "ಅಲ್ಲಿ ಜನ ಇದಾರೆ."

ಅವನು ಗೋಡೆಯನ್ನೂ ಅವಳನ್ನೂ ಮರ್ಯಾದೆಯಿಂದ ನೋಡಿ, "ಎಲ್ಲಿ?" ಅಂದ. ಅವಳು ಬೆರಳಿನಿಂದ ತೋರಿಸಿದಳು. ಅವನಿಗೆ ಏನೂ ಕಾಣಲಿಲ್ಲ.

ಹೊರಡುವ ದಿನ ಮಳೆ ನಿಂತಿತ್ತು. ಸಾಮಾನು ಮುಂಚೆಯೇ ಗಾಡಿಯಲ್ಲಿ ಹೋಗಿತ್ತು. ಚುಕ್ಕಿ ಬೀದಿ ತುದಿಯಲ್ಲಿ ಬಾಡಿಗೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಟೇಲರ್ ಹೆಂಡತಿ ಬಾಗಿಲಿಗೆ ಬಂದು ನಿಂತು, ಅತ್ತಿಗೆಯ ಸೆರಗಿನ ಬಿಚ್ಚಿದ ಅಂಚಿಗೆ ಅಲ್ಲೇ ನಾಲ್ಕು ಹೊಲಿಗೆ ಹಾಕಿ ಸರಿಮಾಡಿದಳು. ಬಳ್ಳಿಯಣ್ಣ ಚಪ್ಪಲಿ ಮೆಟ್ಟಿಕೊಂಡು ಹೊಸಿಲು ದಾಟಿದ. ತಿರುಗಿ ನೋಡಲಿಲ್ಲ. ಬೆಂಕಿಪೊಟ್ಟಣ ತರಲು ಹೋಗುವವನು ತಿರುಗಿ ನೋಡುತ್ತಾನೆಯೇ? ಸಂಜೆಗೆ ಇಲ್ಲಿ ಇರುವುದಿಲ್ಲ ಎಂಬುದನ್ನು ಅವನು ಎಲ್ಲಿಂದ ಕಾಣಬೇಕು?

ಬಾಗಿಲು ಎಳೆದು ಬೀಗ ಹಾಕಿ, ಕೀಲಿಯನ್ನು ಟೇಲರ್ ಹೆಂಡತಿಯ ಕೈಗಿಟ್ಟು ಅತ್ತಿಗೆ ಮೆಟ್ಟಿಲಿಳಿದಳು.

"ಎಲ್ಲಿಗೆ ಹೋಗ್ತಿದೀವಿ?" ಬಳ್ಳಿಯಣ್ಣನ ದನಿಯಲ್ಲಿ ಸಣ್ಣ ಹೆದರಿಕೆ ಇತ್ತು. ಮುಂದೆ ಕಾಲಿಡುವ ಜಾಗ ಬಿಳಿಯಾಗಿದ್ದವನ ಹೆದರಿಕೆ.

ತಮ್ಮನ ಮನೆಗೆ, ಅದು ಹೇಗಿದೆಯೋ ಗೊತ್ತಿಲ್ಲ ಎಂಬ ನಿಜ ಅವಳ ನಾಲಿಗೆಯವರೆಗೂ ಬಂದಿತ್ತು. ಅದನ್ನು ನುಂಗಿದಳು.

"ಒಂದು ಮನೆ ಇದೆ" ಅಂದಳು. ನಿಂತಳು. ಚೂರು ಹುಡುಕಿದಳು. ತವರುಮನೆಯ ಕಿಟಕಿ ಸಿಕ್ಕಿತು. "ದೊಡ್ಡ ಕಿಟಕಿ. ಕಿಟಕಿ ಕೆಳಗೆ ಒಂದು ನಲ್ಲಿ, ತೊಟ್ಟಿಕ್ತಾ ಇರತ್ತೆ."

"ಆಮೇಲೆ?"

"ಒಂದು ಬೆಕ್ಕು ಇದೆ. ಚಿಲ್ಲರೆ ಕೊಡತ್ತೆ. ಸವೆದ ನಾಣ್ಯ ಕೊಡತ್ತೆ, ನಾವು ನೋಡಿ ಇಸ್ಕೋಬೇಕು."

ಬಳ್ಳಿಯಣ್ಣನ ಹೆಜ್ಜೆ ಸ್ವಲ್ಪ ಹಗುರವಾಯಿತು. "ಆಮೇಲೆ?"

"ಮಳೆ ಬಂದ್ರೆ ಒಬ್ಬ ಮುದುಕ ಮೇಕೆ ಮೇಲೆ ಕೂತ್ಕೊಂಡು ಬರ್ತಾನೆ. ಕೊಡೆ ಮೇಕೆಗೆ."

"ಆಮೇಲೆ?"

ಟೇಲರ್ ಮನೆ ದಾಟುವುದರೊಳಗೆ ಅವಳ ಸರಕು ಮುಗಿದಿತ್ತು. ಎಷ್ಟು ತಡಕಿದರೂ ಒಳಗೆ ಇನ್ನೇನೂ ಇರಲಿಲ್ಲ. ಕಾರು ಇನ್ನೂ ದೂರದಲ್ಲಿತ್ತು. ಅವನು ಅವಳ ಮುಖವನ್ನೇ ನೋಡುತ್ತ ನಿಂತುಬಿಟ್ಟ. ಅತ್ತಿಗೆ ಅವನ ಕೈ ಹಿಡಿದುಕೊಂಡು, ಮನೆಯ ಕಡೆ ಒಮ್ಮೆಯೂ ತಿರುಗದೆ, ಮತ್ತೆ ಮೊದಲಿನಿಂದ ಶುರು ಮಾಡಿದಳು.

"ಒಂದು ಮನೆ ಇದೆ..."

ಅವನು ಹೊಸದಾಗಿ ಕೇಳುವವನ ಹಾಗೆ ಕಿವಿಗೊಟ್ಟು ಅವಳ ಜೊತೆ ನಡೆದ.